ಪಾಳಿ ಮುಗಿದ ಮೇಲೆ

(ಸಂಘದ ತಿಂಗಳ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ಸಾಹಿತಿಗಳು, ಪ್ರಾಧ್ಯಾಪಕರು, ಒಮ್ಮೆ ಒಬ್ಬ ಕಣ್ಣಿನ ವೈದ್ಯರೂ ಮಾತನಾಡಿದ್ದನ್ನು ನಾನು ಹಿಂದಿನ ಸಾಲಿನಲ್ಲಿ ಕುಳಿತು ಕೇಳಿದ್ದೇನೆ. ಕಾರ್ಯದರ್ಶಿಗಳು ಈ ತಿಂಗಳ ಭಾಷಣವನ್ನು ನನ್ನ ತಲೆಗೆ ಕಟ್ಟಿದಾಗ, ನಾನು ಬಿ.ಕಾಂ. ಓದಿದ ಬ್ಯಾಂಕಿನ ಗುಮಾಸ್ತ, ಜಮಾ-ಖರ್ಚಿನ ಹೊರತು ನನಗೇನು ಗೊತ್ತು ಎಂದು ತಪ್ಪಿಸಿಕೊಳ್ಳಲು ನೋಡಿದೆ. "ಹಾಗಾದರೆ ಜಮಾ-ಖರ್ಚಿನ ಮೇಲೆಯೇ ಮಾತಾಡಿ" ಎಂದರು. ಮಾತಾಡಿದರೆ ಸಭೆಯಲ್ಲಿ ಯಾರೂ ಉಳಿಯಲಾರರೆಂಬ ಭಯದಿಂದ ಬೇರೊಂದು ವಿಷಯ ಆರಿಸಿಕೊಂಡಿದ್ದೇನೆ. ಪಾಳಿ ಮುಗಿಸಿ, ಸಮವಸ್ತ್ರ ಕಳಚಿಟ್ಟು, ತಮ್ಮ ಪಾಡಿಗೆ ತಾವಿದ್ದ ಪೋಲೀಸರು ಅಕಸ್ಮಾತ್ತಾಗಿ ಒಂದು ಅಪರಾಧವನ್ನು ಕಂಡು ಅದಕ್ಕೆ ಅಡ್ಡ ಬಂದ ಪ್ರಸಂಗಗಳು, ಇದು ನನ್ನ ವಿಷಯ. ಇದನ್ನೇ ಏಕೆ ಆರಿಸಿದೆನೆಂಬುದನ್ನು ಕೊನೆಗೆ ಅರಿಕೆ ಮಾಡಿಕೊಳ್ಳುತ್ತೇನೆ. ಅದು ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯ ಸಂಗತಿ.

ಬ್ಯಾಂಕಿನ ಶಟರು ಇಳಿದ ಮೇಲೆ ನಾನು ಗುಮಾಸ್ತನಲ್ಲ. ಆದರೂ ಚಟ ಬಿಡದು. ಹೋಟೆಲಿನಲ್ಲಿ ಬಿಲ್ಲು ಬಂದರೆ ಮಾಣಿ ಎದುರಿಗೆ ನಿಂತಿರುವಾಗಲೇ ಮೇಲಿಂದ ಕೆಳಗೆ ಕೂಡಿಸಿ ನೋಡುತ್ತೇನೆ. ಯಾರಾದರೂ ಐನೂರರ ನೋಟು ಕೊಟ್ಟರೆ ಬೆರಳು ತಾನಾಗಿಯೇ ಅದರ ಅಂಚಿನ ಉಬ್ಬುಗೆರೆಗಳನ್ನು ಸವರುತ್ತದೆ. ಕಳೆದ ವರ್ಷ ಮಗನ ಹುಟ್ಟುಹಬ್ಬದಲ್ಲಿ ಸ್ವಂತ ಭಾವನವರು ಕೊಟ್ಟ ನೋಟನ್ನು ಹೀಗೆ ಸವರಿ ಮನೆಯಾಕೆಯಿಂದ ಬೈಸಿಕೊಂಡೆ. ಆದರೆ ಇದು ನನ್ನ ಚಟವೇ ಹೊರತು ಕಾನೂನಿನ ಕಟ್ಟಳೆಯಲ್ಲ. ಪೋಲೀಸರ ಮಾತು ಬೇರೆ. 1861ರ ಪೋಲೀಸ ಕಾಯಿದೆಯ 22ನೆಯ ಕಲಮು, ಪ್ರತಿಯೊಬ್ಬ ಪೋಲೀಸ ಅಧಿಕಾರಿಯೂ ಸದಾಕಾಲ ಕೆಲಸದ ಮೇಲೆಯೇ ಇದ್ದಾನೆಂದು ತಿಳಿಯತಕ್ಕದ್ದು ಎನ್ನುತ್ತದೆ. ನಾವು ನೆಲೆಸಿರುವ ಈ ರಾಜ್ಯದಲ್ಲಿ 1951ರ ಮುಂಬಯಿ ಪೋಲೀಸ ಕಾಯಿದೆ ಎಂದಿದ್ದು ಈಗ ಮಹಾರಾಷ್ಟ್ರ ಪೋಲೀಸ ಕಾಯಿದೆ ಎಂದು ಕರೆಯಿಸಿಕೊಳ್ಳುವ ಕಾನೂನಿನ 28ನೆಯ ಕಲಮೂ ಅದನ್ನೇ ಹೇಳುತ್ತದೆ. ಅಂದರೆ ಪೇದೆಯೊಬ್ಬ ಮನೆಯಲ್ಲಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದರೂ ಕಾಯಿದೆಯ ಕಣ್ಣಿಗೆ ಅವನು ಕೆಲಸದ ಮೇಲಿದ್ದಾನೆ. ಕಾಯಿದೆ ಬರೆದವರು ಸಂಬಳದ ವಿಷಯದಲ್ಲಿಯೂ ಇಷ್ಟೇ ಉದಾರರಾಗಿದ್ದರೆ ಚೆನ್ನಾಗಿತ್ತು ಎಂದು ಯಾವ ಪೇದೆಗಾದರೂ ಅನಿಸೀತು.

ಕಾಯಿದೆ ಹೇಳುವುದು ಸುಲಭ. ಕಾಯಿದೆಯ ಹಂಗೇ ಇಲ್ಲದ ಕಡೆ ಏನಾಗುತ್ತದೆಂಬುದನ್ನು ನೋಡೋಣ.

2015ರ ಏಪ್ರಿಲ್ ತಿಂಗಳು. ಸ್ವೀಡನ್ ದೇಶದ ನಾಲ್ವರು ಪೋಲೀಸರು ರಜೆ ಹಾಕಿ ನ್ಯೂಯಾರ್ಕ್ ನಗರವನ್ನು ನೋಡಲು ಹೋಗಿದ್ದರು. ಒಂದು ಸಂಜೆ ಬ್ರಾಡ್‌ವೇಯಲ್ಲಿ ನಾಟಕ ನೋಡುವುದೆಂದು ನೆಲದಡಿಯ ರೈಲು ಹತ್ತಿದರು. ಗಾಡಿಯೊಳಗೆ ಇಬ್ಬರು ಹೊಡೆದಾಟಕ್ಕಿಳಿದು, ಒಬ್ಬ ಇನ್ನೊಬ್ಬನನ್ನು ಕೆಡವಿ ಗುದ್ದತೊಡಗಿದ. ಈ ನಾಲ್ವರು ಮುಂದೆ ಬಂದು ಇಬ್ಬರನ್ನೂ ಬಿಡಿಸಿದರು. ಹೆಚ್ಚು ಕೂಗಾಡುತ್ತಿದ್ದವನನ್ನು ನೆಲಕ್ಕೆ ಒತ್ತಿ ಹಿಡಿದು, ನ್ಯೂಯಾರ್ಕಿನ ಪೋಲೀಸರು ಬರುವವರೆಗೆ ಸಮಾಧಾನದ ಮಾತಾಡುತ್ತ ಕಾದರು. ಯಾರಿಗೂ ಹೆಚ್ಚಿನ ಗಾಯವಾಗಲಿಲ್ಲ. ಪ್ರಯಾಣಿಕರೊಬ್ಬರು ಚಿತ್ರ ತೆಗೆದಿದ್ದರಿಂದ ಜಗತ್ತಿಗೆ ತಿಳಿಯಿತು. ಪತ್ರಿಕೆಯವರು ಮುತ್ತಿದಾಗ, ನಾವೇನೂ ವೀರರಲ್ಲ, ಪ್ರವಾಸಿಗಳಷ್ಟೆ ಎಂಬರ್ಥದ ಮಾತು ಹೇಳಿ ಸುಮ್ಮನಾದರು.

ಅವರು ಹೊರಟಿದ್ದ ನಾಟಕ 'ಲೆ ಮಿಸರಾಬ್ಲ್'. ವಿಕ್ಟರ್ ಹ್ಯೂಗೋ 1862ರಲ್ಲಿ ಪ್ರಕಟಿಸಿದ ಕಾದಂಬರಿಯನ್ನು ಆಧರಿಸಿದ್ದು. ರೊಟ್ಟಿ ಕದ್ದವನೊಬ್ಬನನ್ನು ವರ್ಷಗಟ್ಟಲೆ ಬೆನ್ನು ಬಿಡದ ಝವೇರ್ ಎಂಬ ಪೋಲೀಸ ಅಧಿಕಾರಿ ಅದರಲ್ಲಿದ್ದಾನೆ. ನಮ್ಮ ದೇಶದ ಕಾಯಿದೆ ಹೊರಟ ಮರುವರ್ಷವೇ, ಸದಾಕಾಲ ಕೆಲಸದ ಮೇಲಿರುವ ಪೋಲೀಸನೊಬ್ಬ ಫ್ರಾನ್ಸಿನಲ್ಲಿ ಪುಸ್ತಕದೊಳಗಿಂದ ಎದ್ದು ಬಂದ! ಅಂಥವನನ್ನು ರಂಗದ ಮೇಲೆ ನೋಡಲು ಹೊರಟವರಿಗೆ ದಾರಿಯಲ್ಲೇ ಪಾಳಿ ಬಿದ್ದಿತು.

ನಾನು ಒತ್ತಿ ಹೇಳಬೇಕೆಂದಿರುವುದು ಬೇರೆ. ಈ ನಾಲ್ವರಿಗೆ ನ್ಯೂಯಾರ್ಕಿನಲ್ಲಿ ಯಾವ ಅಧಿಕಾರವೂ ಇರಲಿಲ್ಲ. ಲಾಠಿ ಇಲ್ಲ, ಬಿಲ್ಲೆ ಇಲ್ಲ, ಭಾಷೆಯೂ ತಮ್ಮದಲ್ಲ. ಪರಊರು ಮಾತ್ರವಲ್ಲ, ಪರದೇಶ. ಊರ ಉಸಾಬರಿ ನಮಗೇಕೆ ಎಂದು ಅವರು ಮುಖ ತಿರುಗಿಸಿ ಕುಳಿತಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಪರಊರಿನ ಮಾತನ್ನು ನೆನಪಿಟ್ಟುಕೊಳ್ಳಬೇಕೆಂದು ತಮ್ಮಲ್ಲಿ ಬೇಡಿಕೊಳ್ಳುತ್ತೇನೆ.

ಹೀಗೆ ಅಡ್ಡ ಬರುವುದು ಅಪಾಯವಿಲ್ಲದ ಕೆಲಸವಲ್ಲ. ಸಮವಸ್ತ್ರ ಎಂಬುದು ಬರಿಯ ಬಟ್ಟೆಯಲ್ಲ, ಅದೊಂದು ಪರಿಚಯಪತ್ರ. ಅದಿಲ್ಲದಾಗ ಕಳ್ಳ ಯಾರು, ಹಿಡಿದವ ಯಾರು ಎಂದು ನೋಡುವವರಿಗೆ ತಿಳಿಯುವುದಿಲ್ಲ. 2009ರ ಮೇ ತಿಂಗಳಲ್ಲಿ ಅದೇ ನ್ಯೂಯಾರ್ಕಿನ ಹಾರ್ಲೆಮ್ ಭಾಗದಲ್ಲಿ ಇಪ್ಪತ್ತೈದು ವರ್ಷದ ಪೋಲೀಸನೊಬ್ಬ ಆಗಷ್ಟೇ ಪಾಳಿ ಮುಗಿಸಿ ಹೊರಬಂದಾಗ, ಯಾರೋ ತನ್ನ ಕಾರನ್ನು ಒಡೆದು ಒಳಹೊಕ್ಕಿದ್ದನ್ನು ಕಂಡು, ಕೈಯಲ್ಲಿ ಪಿಸ್ತೂಲು ಹಿಡಿದು ಅವನನ್ನು ಅಟ್ಟಿಸಿಕೊಂಡು ಹೋದ. ಆ ದಾರಿಯಲ್ಲಿ ಬಂದ ಇನ್ನೊಬ್ಬ ಪೋಲೀಸನ ಕಣ್ಣಿಗೆ ಬಿದ್ದದ್ದು ಪಿಸ್ತೂಲು ಹಿಡಿದು ಓಡುವ ಅಪರಿಚಿತ. ಗುಂಡು ಹಾರಿತು. ಸತ್ತವನು ತನ್ನದೇ ಪಡೆಯವನೆಂದು ಆಮೇಲೆ ತಿಳಿಯಿತು.

ಇನ್ನು ಲಂಡನ್. 2017ರ ಜೂನ್ 3, ಶನಿವಾರ ರಾತ್ರಿ ಮೂವರು ಹಂತಕರು ಲಂಡನ್ ಸೇತುವೆಯ ಮೇಲೆ ನಡೆದುಹೋಗುತ್ತಿದ್ದವರ ಮೇಲೆ ವ್ಯಾನು ಹರಿಸಿ, ಆನಂತರ ಬರೋ ಮಾರುಕಟ್ಟೆಯ ಕಡೆಗೆ ಚೂರಿ ಹಿಡಿದು ನುಗ್ಗಿದರು. ಎಂಟು ಜನ ಸತ್ತರು, ನಲವತ್ತೆಂಟು ಜನ ಗಾಯಗೊಂಡರು. ರೈಲ್ವೆ ಪೋಲೀಸ ಪಡೆಯ ವೇಯ್ನ್ ಮಾರ್ಕ್ವೆಸ್ ಎಂಬವರು ಆಗ ಪಾಳಿಯ ಮೇಲಿದ್ದರು. ಕೈಯಲ್ಲಿದ್ದುದು ಒಂದು ಬೆತ್ತ ಮಾತ್ರ. ಅದರಿಂದಲೇ ಮೂವರನ್ನೂ ಎದುರಿಸಿದರು. ಚಾರ್ಲಿ ಗೆನಿಗಾಲ್ಟ್ ಎಂಬ ತರುಣ ಪೇದೆ ಅಂದು ಪಾಳಿಯಲ್ಲಿರಲಿಲ್ಲ. ಸ್ನೇಹಿತರೊಂದಿಗೆ ಸಂಜೆ ಕಳೆಯಲು ಬಂದಿದ್ದರು. ಒಬ್ಬ ಪೋಲೀಸ ಒಂಟಿಯಾಗಿ ಸೆಣಸುತ್ತಿರುವುದನ್ನು ಕಂಡು ಬರಿಗೈಯಲ್ಲಿ ಅತ್ತ ಓಡಿದರು. ಹಲವು ಇರಿತಗಳಾದವು, ಶಸ್ತ್ರಚಿಕಿತ್ಸೆಯಾಯಿತು, ಆದರೆ ಬದುಕಿದರು. ಮೊದಲ ಕರೆ ಹೋದ ಎಂಟು ನಿಮಿಷಗಳೊಳಗೆ ಸಶಸ್ತ್ರ ಪೋಲೀಸರು ಬಂದು ಹಂತಕರನ್ನು ಗುಂಡಿಕ್ಕಿ ಕೊಂದರು. ಎಂಟು ನಿಮಿಷವೆಂದರೆ ಬಲು ಬೇಗ. ಚೂರಿ ಹಿಡಿದವನೆದುರು ನಿಂತವರಿಗೆ ಅದೆಷ್ಟು ದೀರ್ಘವಾಗಿತ್ತೋ!

ಅದೇ ರಾತ್ರಿ ಅಲ್ಲಿ ಮೂರನೆಯವರೊಬ್ಬರಿದ್ದರು. ಇಗ್ನಾಸಿಯೋ ಎಚೆವೆರ್ರಿಯಾ, ಸ್ಪೇನ್ ದೇಶದವರು, ವಯಸ್ಸು ಮೂವತ್ತೊಂಬತ್ತು. ಪೋಲೀಸರಲ್ಲ. ಲಂಡನ್ನಿನಲ್ಲಿ ಎಚ್‌ಎಸ್‌ಬಿಸಿ ಬ್ಯಾಂಕಿನ ನೌಕರರು. ಅಕ್ರಮ ಹಣದ ವಹಿವಾಟನ್ನು ಪತ್ತೆಹಚ್ಚುವ ವಿಭಾಗದವರು. ಸ್ಕೇಟ್‌ಬೋರ್ಡು ಎಂಬ ಗಾಲಿಹಲಗೆಯ ಆಟ ಆಡಿ, ಸ್ನೇಹಿತರೊಂದಿಗೆ ಸೈಕಲ್ಲಿನ ಮೇಲೆ ಮರಳುತ್ತಿದ್ದರು. ಇರಿತಕ್ಕೊಳಗಾಗುತ್ತಿದ್ದವರನ್ನು ಕಂಡು ಸೈಕಲ್ ಬಿಟ್ಟು, ಅದೇ ಹಲಗೆಯಿಂದ ಹಂತಕರನ್ನು ಹೊಡೆಯಲು ಹೋದರು. ಅಲ್ಲಿಯೇ ಪ್ರಾಣ ಬಿಟ್ಟರು. 2018ರಲ್ಲಿ ಬ್ರಿಟನ್ ಆ ಇಬ್ಬರು ಪೋಲೀಸರಿಗೂ ಈ ಬ್ಯಾಂಕ್ ನೌಕರರಿಗೂ ಜಾರ್ಜ್ ಪದಕವನ್ನು ಘೋಷಿಸಿತು. ಎಚೆವೆರ್ರಿಯಾ ಅವರಿಗೆ ಅದು ಮರಣೋತ್ತರ.

ಸದಾಕಾಲ ಕೆಲಸದ ಮೇಲಿದ್ದೀ ಎಂದು ಯಾವ ಕಾಯಿದೆಯೂ ಅವರಿಗೆ ಹೇಳಿರಲಿಲ್ಲ. ಪರದೇಶಿ, ಬ್ಯಾಂಕಿನವ, ಹೆಚ್ಚುಕಡಿಮೆ ನನ್ನ ವಯಸ್ಸಿನವ. ಈ ಮೂರು ಮಾತು ಓದಿದಾಗ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಪ್ರಾಣ ಕೊಡಿ ಎಂದು ಯಾರೂ ಯಾರಿಗೂ ಹೇಳಲಾಗದು. ಹೆಂಡತಿ ಮಕ್ಕಳಿರುವ ನಾನಂತೂ ಹೇಳೆನು. ಆದರೆ ನಮ್ಮ ಕಾನೂನೂ ಸಾಮಾನ್ಯನನ್ನು ಪೂರ್ತಿ ಕೈಕಟ್ಟಿ ಕೂರಿಸಿಲ್ಲ. ತನ್ನ ಕಣ್ಣೆದುರಿಗೆ ಜಾಮೀನು ಸಿಗದಂಥ ಗಂಭೀರ ಅಪರಾಧ ನಡೆದರೆ ಯಾವ ಖಾಸಗಿ ವ್ಯಕ್ತಿಯಾದರೂ ಅಪರಾಧಿಯನ್ನು ಹಿಡಿಯಬಹುದು. 1973ರ ಸಂಹಿತೆಯ 43ನೆಯ ಕಲಮಿನಲ್ಲಿ ಇದ್ದುದು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 40ನೆಯ ಕಲಮಾಗಿದೆ. ಹಿಡಿದವನನ್ನು ಆರು ಗಂಟೆಗಳೊಳಗೆ ಪೋಲೀಸರಿಗೆ ಒಪ್ಪಿಸಬೇಕೆಂಬ ಮಾತನ್ನು ಹೊಸದಾಗಿ ಸೇರಿಸಿದ್ದಾರೆ. ಹಿಡಿದುಕೊಡುವುದಷ್ಟೇ ನಮ್ಮ ಪಾಲಿನದು. ಕಳ್ಳನನ್ನು ಕಂಬಕ್ಕೆ ಕಟ್ಟಿ ಹತ್ತು ಜನ ಹೊಡೆಯುವುದಕ್ಕೆ ಈ ಕಲಮು ಎಲ್ಲಿಯೂ ಒಪ್ಪಿಗೆ ಕೊಟ್ಟಿಲ್ಲ.

ಈಗ ನನ್ನ ನಾಚಿಕೆಯ ಸಂಗತಿ.

2023ರ ಮಾರ್ಚ್ ತಿಂಗಳು, ವರ್ಷಾಂತ್ಯದ ಲೆಕ್ಕದ ದಿನಗಳು. ರಾತ್ರಿ ಎಂಟರ ಮೇಲೆ ದಾದರದಲ್ಲಿ ಠಾಣೆಯ ಕಡೆಯ ನಿಧಾನ ಗಾಡಿ ಹತ್ತಿದೆ. ದೈವವಶಾತ್ ಕುಳಿತುಕೊಳ್ಳಲು ಜಾಗ ಸಿಕ್ಕಿತು. ಚೀಲದಿಂದ ಒಂದು ಕನ್ನಡ ವಾರಪತ್ರಿಕೆ ತೆಗೆದು ಓದುತ್ತಿದ್ದೆ. ನನ್ನೆದುರಿಗೆ ಒಬ್ಬ ವೃದ್ಧರು ಮೇಲಿನ ಹಿಡಿ ಹಿಡಿದು ನಿಂತಿದ್ದರು. ಸಾಯನ್ ಬರುವಷ್ಟರಲ್ಲಿ ಪಕ್ಕದ ತರುಣನೊಬ್ಬ ಮಡಿಸಿದ ಪತ್ರಿಕೆಯ ಮರೆಯಲ್ಲಿ ಅವರ ಷರಾಯಿಯ ಕಿಸೆಗೆ ಎರಡು ಬೆರಳು ಇಳಿಸಿದ್ದನ್ನು ನಾನು ಕಂಡೆ. ಕಂಡೆನೆಂದು ಅವನಿಗೂ ತಿಳಿಯಿತು. ಅವನು ಬೆದರಿಸಲಿಲ್ಲ, ತಲೆಯನ್ನು ಒಂದಿಷ್ಟೇ ಅಲ್ಲಾಡಿಸಿದ. ನಾನು ಕಣ್ಣನ್ನು ಪತ್ರಿಕೆಗೆ ಇಳಿಸಿದೆ. ಊರು ಬಿಟ್ಟು ಹೊರಡುವಾಗ ಗದಗಿನ ನಿಲ್ದಾಣದಲ್ಲಿ ನಮ್ಮವ್ವ ಹೇಳಿದ್ದಳು: "ಪರಊರಾಗ ಇರಾವ, ಯಾರ ಗೊಡವಿಗೂ ಹೋಗಬ್ಯಾಡಪಾ." ಆ ಗಳಿಗೆಯಲ್ಲಿ ನನಗೆ ಸರಿಯಾಗಿ ಆ ಮಾತೇ ನೆನಪಾಯಿತು. ಬೇಕಾದಾಗ ತಾಯಿಯ ಮಾತು ಎಷ್ಟು ಚೆನ್ನಾಗಿ ನೆನಪಿಗೆ ಬರುತ್ತದೆ!

ಕುರ್ಲಾದಲ್ಲಿ ಗಾಡಿಯ ವೇಗ ತಗ್ಗುತ್ತಿದ್ದಂತೆ, ಮೆಂತ್ಯದ ಸೊಪ್ಪಿನ ಚೀಲ ಹಿಡಿದು ಬಾಗಿಲ ಬಳಿ ನಿಂತಿದ್ದ ಒಬ್ಬ ಮಧ್ಯವಯಸ್ಕರು ಚೀಲ ಕೆಳಗೆ ಬಿಟ್ಟು ಆ ತರುಣನ ಮಣಿಕಟ್ಟನ್ನು ಎರಡೂ ಕೈಯಿಂದ ಹಿಡಿದರು. ತರುಣ "ಬಚಾವ್" ಎಂದು ಕೂಗಿದ. ಜನ ತಿರುಗಿಬಿದ್ದದ್ದು ಹಿಡಿದವರ ಮೇಲೆ! ಒಬ್ಬ ಅವರ ಬೆನ್ನಿಗೆ ಗುದ್ದಿಯೇಬಿಟ್ಟ. "ಪೋಲೀಸ, ಪೋಲೀಸ" ಎಂದರೂ ಯಾರೂ ನಂಬಲಿಲ್ಲ. ಕೈ ಬಿಟ್ಟು ಗುರುತಿನ ಚೀಟಿ ತೋರಿಸಿದರೆ ಕಳ್ಳ ಹಾರುತ್ತಾನೆ. ಆಗ ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೂಗಿದರು: "ಏ ಕನ್ನಡದ ಸಾಹೇಬ್ರ, ನನ್ನ ಅಂಗಿ ಕಿಸೇದಾಗ ಕಾರ್ಡ್ ಐತಿ, ತಗದು ತೋರಸ್ರಿ!"

ನಾನು ಎದ್ದು ಆ ಚೀಟಿ ತೆಗೆದು ಎತ್ತಿ ಹಿಡಿದೆ. ಅಂದಿನ ಸಾಹಸದಲ್ಲಿ ನನ್ನ ಪಾಲು ಇಷ್ಟೇ.

ಅವರು ಜತ್ತ ತಾಲೂಕಿನವರು, ಮನೆಮಾತು ಕನ್ನಡ. ಅಂದು ನಾಲ್ಕು ಗಂಟೆಗೇ ಪಾಳಿ ಮುಗಿಸಿ, ಮಾರುಕಟ್ಟೆಗೆ ಹೋಗಿ ಮನೆಗೆ ಹೊರಟಿದ್ದರು. ಕುರ್ಲಾದ ರೈಲ್ವೆ ಪೋಲೀಸ ಠಾಣೆಯ ಬೆಂಚಿನ ಮೇಲೆ ಕುಳಿತಾಗ, ನಾನು ಕನ್ನಡದವನೆಂದು ಹೇಗೆ ತಿಳಿಯಿತು ಎಂದು ಕೇಳಿದೆ. "ಮಾರಿ ನೋಡಿದ್ರ ಏನೂ ತಿಳ್ಯಾಂಗಿಲ್ರೀ, ಕೈ ನೋಡಬೇಕು. ನಿಮ್ಮ ಕೈಯಾಗ ಕನ್ನಡ ಪತ್ರಿಕಿ ಇತ್ತು" ಎಂದರು. ಸ್ವಲ್ಪ ಹೊತ್ತು ಬಿಟ್ಟು, ದನಿ ಏರಿಸದೆ, "ನೀವೂ ನೋಡಿದ್ರಿ ಅಲ್ರೀ? ಸಾಯನ್ ದಾಟಿದ ಮ್ಯಾಲ ನಿಮ್ಮ ಕೈ ಹಾಳಿ ತಿರುವೂದು ಬಿಟ್ಟಿತ್ತು" ಎಂದರು.

ಪಂಚನಾಮೆಯ ವೇಳೆ ಹಣ ಎಣಿಸಬೇಕಾಯಿತು. ನಾನು ಬ್ಯಾಂಕಿನವನೆಂದು ತಿಳಿದು ಕಟ್ಟನ್ನು ನನ್ನ ಕೈಗೆ ಕೊಟ್ಟರು. ಇಪ್ಪತ್ತೆರಡು ಐನೂರರ ನೋಟು, ಹನ್ನೊಂದು ಸಾವಿರ. ವೃದ್ಧರು ಮಗಳ ಹೆರಿಗೆಗೆಂದು ತೆಗೆದದ್ದು. ಅವರು ಅಲ್ಲಿಯವರೆಗೂ ಮರಾಠಿಯಲ್ಲಿ ಒಂದೇ ಮಾತು ಆಡುತ್ತಿದ್ದರು: "ಇಷ್ಟು ಜನ ಇದ್ದರು, ಯಾರೂ ನೋಡಲಿಲ್ಲವೆ?" ಆಮೇಲೆ ಹವಾಲ್ದಾರರು ನನ್ನ ಹೇಳಿಕೆ ಬರೆದುಕೊಂಡರು. ಕಳ್ಳನ ಕೈಯನ್ನು ಮೊದಲು ಎಲ್ಲಿ ಕಂಡಿರಿ ಎಂದು ಕೇಳಿದರು. ಸುಳ್ಳು ಹೇಳಬಹುದಿತ್ತು. ಪೇದೆಯವರು ಪಕ್ಕದಲ್ಲೇ ಕುಳಿತಿದ್ದರು, ನನ್ನ ಕಡೆ ನೋಡಲೂ ಇಲ್ಲ. ಸಾಯನ್ ಎಂದು ಹೇಳಿದೆ. ಹವಾಲ್ದಾರರು ಬರೆದದ್ದನ್ನೆಲ್ಲ ಗಟ್ಟಿಯಾಗಿ ಓದಿ ಹೇಳಿದರು. ವೃದ್ಧರು ತಲೆಯೆತ್ತಿ ಒಮ್ಮೆ ನನ್ನನ್ನು ನೋಡಿದರು.

ಹಣ ಅಂದೇ ಅವರ ಕೈಗೆ ಬರಲಿಲ್ಲ, ಅದಕ್ಕೆ ನ್ಯಾಯಾಲಯದ ಅಪ್ಪಣೆಯಾಗಬೇಕು. ಮೂವರೂ ಹೊರಬಿದ್ದಾಗ ಹನ್ನೊಂದು ಗಂಟೆ. ಪೇದೆಯವರು ಬಾಡಿದ ಮೆಂತ್ಯದ ಚೀಲ ಹಿಡಿದು, ಫೋನಿನಲ್ಲಿ ಹೆಂಡತಿಗೆ ಏನೋ ಸಮಾಧಾನ ಹೇಳುತ್ತ ಮುಂದೆ ನಡೆದರು. ಪಾದಚಾರಿ ಸೇತುವೆ ಹತ್ತಿ ಇಳಿಯಬೇಕಿತ್ತು. ಮೆಟ್ಟಿಲು ಬಂದಾಗ ವೃದ್ಧರು ನನ್ನ ತೋಳನ್ನು ಹಿಡಿದುಕೊಂಡರು. ಅವರ ಗಾಡಿ ಬರುವವರೆಗೂ ಬಿಡಲಿಲ್ಲ. ಮಾತು ಮಾತ್ರ ಆಡಲಿಲ್ಲ.