ಮನೆಯ ಕಂಪ್ಯೂಟರಿನಲ್ಲಿ ಯಾರಿಗೆ ಎಷ್ಟು ಅಧಿಕಾರ?

(ಸಂಘದ ವಾಚನಾಲಯದಲ್ಲಿ ರವಿವಾರದ ಸಭೆಯಲ್ಲಿ ಮಾಡಿದ ಭಾಷಣ)



ಕಾರ್ಯದರ್ಶಿಗಳು ನಮ್ಮನ್ನು ಮಾತಿಗೆ ಕರೆದಾಗ, “ಬೋನಸ್ಸಿನ ವಿಷಯವೋ, ಪಿಂಚಣಿಯ ವಿಷಯವೋ?” ಎಂದು ಕೇಳಿದರು. ಎರಡೂ ಅಲ್ಲ, ಕಂಪ್ಯೂಟರಿನ ಕಡತಕ್ಕೆ ಹಾಕುವ ಬೀಗದ ವಿಷಯ ಎಂದೆವು. ಅವರು ನಕ್ಕರು. ನಡೆದ ಸಂಗತಿಯನ್ನು ಹೇಳಿದ ಮೇಲೆ ನಗಲಿಲ್ಲ. ಅದನ್ನೇ ಮೊದಲು ತಮ್ಮ ಮುಂದೆ ಇಡುತ್ತೇವೆ.

ಡೊಂಬಿವಿಲಿಯ ನಮ್ಮ ಮನೆಯಲ್ಲಿ ಒಂದು ದೊಡ್ಡ ಕಂಪ್ಯೂಟರು, ಮಗನದೊಂದು ಲ್ಯಾಪ್‌ಟಾಪು, ಮೂರು ಮೊಬೈಲು ಇವೆ. ಎಲ್ಲವೂ ಒಂದೇ ವೈ-ಫೈ ಪೆಟ್ಟಿಗೆಗೆ ಸೇರಿವೆ. ದೊಡ್ಡ ಕಂಪ್ಯೂಟರಿನಲ್ಲಿ ‘ಕಾಗದಪತ್ರ’ ಎಂಬ ಒಂದು ಫೋಲ್ಡರನ್ನು ಎಲ್ಲರಿಗೂ ತೆರೆದಿಟ್ಟಿದ್ದೆವು. ಮನೆಯ ರೇಶನ್ ಕಾರ್ಡು, ಮಕ್ಕಳ ಮಾರ್ಕ್ಸ್ ಪಟ್ಟಿಗಳ ಜತೆಗೆ, ನಮ್ಮ ಕಟ್ಟಡದ ಐದಾರು ಮಂದಿ ಹಳೆಯ ಗಿರಣಿ ಕಾರ್ಮಿಕರ ದಾಖಲೆಗಳನ್ನೂ ಸ್ಕ್ಯಾನ್ ಮಾಡಿ ಅಲ್ಲಿಯೇ ಇಟ್ಟಿದ್ದೆವು.

ಆ ದಾಖಲೆಗಳ ಬೆಲೆಯನ್ನು ತಮಗೆ ವಿವರಿಸಬೇಕಾಗಿಲ್ಲ. 1982ರ ಜನವರಿ 18ರಂದು ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಮಂದಿ ಹೊರಗೆ ಬಂದರು. ಎಷ್ಟೋ ಮಂದಿ ಮರಳಿ ಒಳಗೆ ಹೋಗಲೇ ಇಲ್ಲ. ಗಿರಣಿಯ ಭೋಂಗಾ ನಿಂತಿತು, ಚಿಮಣಿ ಉರುಳಿತು. ಆದರೆ ಮ್ಹಾಡಾದ ಮನೆಗೆ ಅರ್ಜಿ ಹಾಕಿದವನಾಗಲಿ, ಅವನ ವಾರಸುದಾರನಾಗಲಿ, ತಾನು ಗಿರಣಿಯವನೆಂಬುದನ್ನು ಕಾಗದದಿಂದಲೇ ತೋರಿಸಬೇಕು. ಟಿಕೆಟ್ ನಂಬರು, ಹಾಜರಿ ಪತ್ರ, ರಜೆ ಪುಸ್ತಕ, ಈ.ಎಸ್.ಐ. ಚೀಟಿ, ಪ್ರಾವಿಡೆಂಟ್ ಫಂಡಿನ ಲೆಕ್ಕ, ಇವೇ ಇಂದು ಅವನ ಕೈಯಲ್ಲಿ ಉಳಿದ ಗಿರಣಿ.

ಇವರಲ್ಲೊಬ್ಬ ಹಿರಿಯರ ಮೂಲ ರಜೆ ಪುಸ್ತಕವು 2005ರ ಜುಲೈ 26ರ ಮಳೆಯಲ್ಲಿ, ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಸುರಿದ ಆ ದಿನ, ಟ್ರಂಕಿನೊಳಗೇ ನೀರುಪಾಲಾಯಿತು. ಉಳಿದಿದ್ದ ಮಾಸಿದ ಝೆರಾಕ್ಸನ್ನು ಒಂದು ಕಚೇರಿಗೆ ಕೊಟ್ಟಿದ್ದರು. ಹೀಗಾಗಿ ನಮ್ಮ ಕಂಪ್ಯೂಟರಿನಲ್ಲಿದ್ದ ಚಿತ್ರವೊಂದೇ ಅವರಿಗೆ ಆಧಾರ.

ಊರಿನಿಂದ ನಮ್ಮ ಅಳಿಯ ಬಂದ. ಒಳ್ಳೆಯ ಹುಡುಗ. “ಜಾಗ ತುಂಬಿದೆ, ಖಾಲಿ ಮಾಡಿಕೊಡುತ್ತೇನೆ” ಎಂದು ಲ್ಯಾಪ್‌ಟಾಪಿನಲ್ಲಿ ಕುಳಿತು, ಹೆಸರಿಲ್ಲದೆ ಬರಿಯ ಅಂಕಿಗಳಿದ್ದ ಹಳೆಯ ಚಿತ್ರಗಳನ್ನೆಲ್ಲ ಅಳಿಸಿದ. ಕಸದ ಬುಟ್ಟಿಯಲ್ಲಿ ಹುಡುಕಿದೆವು; ಇರಲಿಲ್ಲ. ಒಂದು ಯಂತ್ರದಿಂದ ಇನ್ನೊಂದು ಯಂತ್ರದ ಕಡತವನ್ನು ಅಳಿಸಿದರೆ ಅದು ಸಾಮಾನ್ಯವಾಗಿ ಬುಟ್ಟಿಗೆ ಹೋಗುವುದಿಲ್ಲ, ನೇರವಾಗಿ ಮಾಯವಾಗುತ್ತದೆ ಎಂಬುದು ಅಂದು ನಮಗೆ ತಿಳಿಯಿತು. ಹಿಂದಿನ ದೀಪಾವಳಿಗೆ ಮಾಡಿದ್ದ ನಕಲು ಒಂದು ಪೆನ್ ಡ್ರೈವಿನಲ್ಲಿತ್ತು, ಹೆಚ್ಚಿನವು ಸಿಕ್ಕಿದವು. ಹಿರಿಯರದು ಆಮೇಲೆ ಸೇರಿಸಿದ್ದು, ಸಿಗಲಿಲ್ಲ. ಅವರ ಮುಂದೆ ಹೋಗಿ ತಲೆ ತಗ್ಗಿಸಿ ನಿಂತೆವು. ಅವರು ಬೈಯಲಿಲ್ಲ. “ಟಿಕೆಟ್ ನಂಬರು ನನಗೆ ಬಾಯಿಪಾಠ ಇದೆ, ಬರೆದುಕೊಳ್ಳಿ” ಎಂದರು. ಬಾಯಿಪಾಠವನ್ನು ಯಾವ ಕಚೇರಿ ಒಪ್ಪುತ್ತದೆ, ಬಂಧುಗಳೇ? ಹಳೆಯ ಲೆಕ್ಕದ ನಕಲಿಗಾಗಿ ಅವರು ಇಂದಿಗೂ ಅಲೆಯುತ್ತಿದ್ದಾರೆ. ಜತೆಗೆ ನಾವೂ.

ತಪ್ಪು ಯಾರದು? ಹುಡುಗನದಲ್ಲ. ಅಳಿಸುವ ಅಧಿಕಾರವನ್ನು ಅವನ ಕೈಗೆ ಕೊಟ್ಟವರು ನಾವು. ಹೋಟೆಲಿನ ಬಂಧುಗಳಿಗೆ ಇದು ಬೇಗ ಅರ್ಥವಾದೀತು. ಗಿರಾಕಿ ಮೆನು ಓದಬಹುದು, ಬೆಲೆ ತಿದ್ದುವಂತಿಲ್ಲ. ಸಪ್ಲೈಯರ್ ಆರ್ಡರು ಬರೆಯಬಹುದು, ಗಲ್ಲಾ ಮುಟ್ಟುವಂತಿಲ್ಲ. ಸ್ಟೋರಿನ ಕೀಲಿಕೈ ಒಬ್ಬನ ಸೊಂಟದಲ್ಲಿ. ಇದು ಅಪನಂಬಿಕೆಯಲ್ಲ, ವ್ಯವಸ್ಥೆ. ಅಕ್ಕಿ ಕಡಿಮೆ ಬಿದ್ದ ದಿನ ಎಲ್ಲರ ಮೇಲೂ ಸಂಶಯ ಬೀಳದಿರಲೆಂದೇ ಕೀಲಿಕೈ ಒಬ್ಬನಲ್ಲಿರುವುದು.

ಕಂಪ್ಯೂಟರಿನಲ್ಲಿಯೂ ಅಧಿಕಾರಕ್ಕೆ ಮುಖ್ಯವಾಗಿ ಮೂರು ಮೆಟ್ಟಿಲು. ‘ರೀಡ್’ ಎಂದರೆ ಓದಬಹುದು, ನಕಲು ತೆಗೆದುಕೊಳ್ಳಬಹುದು. ‘ಚೇಂಜ್’ ಎಂದರೆ ಸೇರಿಸಬಹುದು, ತಿದ್ದಬಹುದು, ಅಳಿಸಲೂಬಹುದು. ‘ಫುಲ್ ಕಂಟ್ರೋಲ್’ ಎಂದರೆ ಇವೆಲ್ಲದರ ಮೇಲೆ ಇತರರಿಗೆ ಅಧಿಕಾರ ಕೊಡುವ, ಕಸಿದುಕೊಳ್ಳುವ ಅಧಿಕಾರ. ನಾವು ‘ಎವರಿವನ್’, ಅಂದರೆ ಸರ್ವರಿಗೂ, ಫುಲ್ ಕಂಟ್ರೋಲ್ ಕೊಟ್ಟು ನಿಶ್ಚಿಂತೆಯಿಂದ ಮಲಗಿದ್ದೆವು.

ಇನ್ನೊಂದು ಮಾತನ್ನು ಮರೆಯತಕ್ಕದ್ದಲ್ಲ. ವಿಂಡೋಸಿನಲ್ಲಿ ಬಾಗಿಲು ಎರಡು. ಚಾಳಿನ ಗೇಟು ಒಂದು, ಖೋಲಿಯ ಬಾಗಿಲು ಇನ್ನೊಂದು. ‘ಶೇರಿಂಗ್’ ಎಂಬ ಪುಟದ ಅನುಮತಿಯೇ ಗೇಟು. ಇದು ಜಾಲದ ಮೂಲಕ ಬರುವವರನ್ನು ಮಾತ್ರ ತಡೆಯುತ್ತದೆ. ‘ಸೆಕ್ಯುರಿಟಿ’ ಪುಟದ ಅನುಮತಿಯೇ ಖೋಲಿಯ ಬಾಗಿಲು. ಅದೇ ಕಂಪ್ಯೂಟರಿನ ಮುಂದೆ ಕುಳಿತವನನ್ನೂ ತಡೆಯುತ್ತದೆ. ಜಾಲದಿಂದ ಬಂದವನು ಎರಡನ್ನೂ ದಾಟಬೇಕು. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಪೆನ್ ಡ್ರೈವುಗಳಲ್ಲಿ ಸಾಮಾನ್ಯವಾಗಿ ಈ ಎರಡನೆಯ ಬಾಗಿಲೇ ಇರುವುದಿಲ್ಲ. ಕೈಗೆ ಸಿಕ್ಕಿದವನೇ ಅದರ ಒಡೆಯ.

ಈಗ ನಾವು ಮಾಡಿದ್ದೇನೆಂದರೆ:

ಮೊದಲು, ದೊಡ್ಡ ಕಂಪ್ಯೂಟರಿನಲ್ಲಿ ಮನೆಯ ಪ್ರತಿಯೊಬ್ಬರಿಗೂ ಬೇರೆ ಬೇರೆ ಖಾತೆ ತೆರೆದು, ಪ್ರತಿಯೊಂದಕ್ಕೂ ಪಾಸ್‌ವರ್ಡ್ ಇಟ್ಟೆವು. ನಾಲ್ಕಂಕಿಯ ಪಿನ್ ಎದುರು ಕುಳಿತವನಿಗಷ್ಟೇ ಸಾಕು; ಜಾಲದ ಮೂಲಕ ಬರಲು ಪಾಸ್‌ವರ್ಡೇ ಬೇಕು. ‘ಅಡ್ಮಿನಿಸ್ಟ್ರೇಟರ್’ ಒಬ್ಬರೇ, ಉಳಿದವರದು ಸಾಧಾರಣ ಖಾತೆ.

ಎರಡನೆಯದು, ಒಂದೇ ಫೋಲ್ಡರಿನ ಬದಲು ಮೂರು ಮಾಡಿದೆವು. ಹಾಡು, ಮದುವೆಯ ಚಿತ್ರಗಳ ಫೋಲ್ಡರನ್ನು ಎಲ್ಲರೂ ನೋಡಬಹುದು. ‘ಬಂದ ಕಾಗದ’ ಎಂಬುದರಲ್ಲಿ ಯಾರು ಬೇಕಾದರೂ ಹೊಸ ಕಡತವನ್ನು ತಂದು ಹಾಕಬಹುದು. ‘ಕಾಗದಪತ್ರ’ಕ್ಕೆ ಮಾತ್ರ ಒಬ್ಬರೇ ಕಾರಭಾರಿ, ಹಾಕುವುದು, ತೆಗೆಯುವುದು ಅವರೇ. ಮಗನಿಗೆ ಓದುವ ಅಧಿಕಾರ; ನೆಂಟರಿಷ್ಟರಿಗೆ ಅದೂ ಇಲ್ಲ. ಪರರ ಆಧಾರ್ ಕಾರ್ಡು ನಮ್ಮ ಮನೆಯಲ್ಲಿದೆಯೆಂದ ಮಾತ್ರಕ್ಕೆ ಅದು ಬಂದವರೆಲ್ಲ ನೋಡುವ ವಸ್ತುವಲ್ಲ.

ಮೂರನೆಯದು, ಫೋಲ್ಡರಿನ ಮೇಲೆ ಬಲಗುಂಡಿ ಒತ್ತಿ ‘ಪ್ರಾಪರ್ಟೀಸ್’, ‘ಶೇರಿಂಗ್’, ‘ಅಡ್ವಾನ್ಸ್ಡ್ ಶೇರಿಂಗ್’, ‘ಪರ್ಮಿಶನ್ಸ್’ ಎಂದು ಹೋಗಿ, ‘ಎವರಿವನ್’ ಎಂಬುದನ್ನು ತೆಗೆದು, ಬೇಕಾದವರ ಹೆಸರನ್ನಷ್ಟೇ ಸೇರಿಸಿದೆವು. ಆಮೇಲೆ ‘ಸೆಕ್ಯುರಿಟಿ’ ಪುಟದಲ್ಲಿ ಒಬ್ಬೊಬ್ಬರ ಅಧಿಕಾರವನ್ನು ಗೊತ್ತುಪಡಿಸಿದೆವು.

ಇಲ್ಲಿ ಎಡವುವವರೇ ಹೆಚ್ಚು, ನಾವೂ ಎಡವಿದೆವು. ಮಗನಿಗೆ ‘ರೀಡ್’ ಕೊಟ್ಟೆವು, ಆದರೂ ಅವನಿಗೆ ಅಳಿಸಲು ಬರುತ್ತಿತ್ತು. ಏಕೆಂದರೆ ಅನುಮತಿಗಳು ಕೂಡುತ್ತವೆ. ಅವನ ಹೆಸರಿಗೆ ರೀಡ್ ಇದ್ದರೂ, ಮೇಲಿನ ಡ್ರೈವಿನಿಂದ ಪಿತ್ರಾರ್ಜಿತದಂತೆ ಇಳಿದು ಬಂದ ‘ಆಥೆಂಟಿಕೇಟೆಡ್ ಯೂಸರ್ಸ್’ ಎಂಬ ಗುಂಪಿಗೆ ತಿದ್ದುವ ಅಧಿಕಾರವಿತ್ತು, ಅವನು ಆ ಗುಂಪಿನವನೂ ಹೌದು. ‘ಅಡ್ವಾನ್ಸ್ಡ್’ ಎಂಬಲ್ಲಿ ಆ ಇಳಿಬರುವಿಕೆಯನ್ನು ನಿಲ್ಲಿಸಿ, ಇದ್ದ ಅನುಮತಿಗಳನ್ನು ಫೋಲ್ಡರಿನದೇ ಆಗಿ ಉಳಿಸಿಕೊಂಡು, ಗುಂಪಿನ ಹೆಸರನ್ನು ತೆಗೆದ ಮೇಲೆಯೇ ಸರಿಹೋಯಿತು. ‘ಸಿಸ್ಟಮ್’, ‘ಅಡ್ಮಿನಿಸ್ಟ್ರೇಟರ್ಸ್’ ಎಂಬ ಹೆಸರುಗಳನ್ನೂ ನಿಮ್ಮ ಹೆಸರನ್ನೂ ತೆಗೆಯಬೇಡಿ. ‘ಡಿನೈ’ ಎಂಬ ಕಲಮಿಗೆ ಅವಸರದಿಂದ ಗುರುತು ಹಾಕಬೇಡಿ. ಅದು ‘ಅಲೌ’ ಎಂಬುದನ್ನು ಮೀರುತ್ತದೆ. ಸರ್ವರಿಗೂ ನಿಷೇಧ ಹಾಕಿದರೆ ಸರ್ವರಲ್ಲಿ ನೀವೂ ಸೇರುತ್ತೀರಿ!

ಕೊನೆಗೆ ಪರೀಕ್ಷೆ. ಒಂದು ಸುಳ್ಳು ಕಡತವನ್ನು ಇಟ್ಟು, ಲ್ಯಾಪ್‌ಟಾಪಿನಿಂದ ಮಗನ ಹೆಸರಿನಲ್ಲಿ ಅಳಿಸಲು ನೋಡಿದೆವು. ಯಂತ್ರ ಒಪ್ಪಲಿಲ್ಲ. ಅಂದು ನಮಗಾದ ಸಂತೋಷ ಹಬ್ಬದ ಬೋನಸ್ಸಿಗಿಂತ ಕಡಿಮೆಯದಲ್ಲ.

ಇದು ನಮ್ಮಂಥವರ ಅಜ್ಞಾನದಿಂದ ಮಾತ್ರ ಬರುವ ತೊಂದರೆಯೆಂದು ತಿಳಿಯಬೇಡಿ. ನಮ್ಮ ಹಿರಿಯರು ಮೂರು ಪಾಳಿಯಲ್ಲಿ ಗಿರಣಿಗೆ ಹೋಗುತ್ತಿದ್ದ 1960ರ ದಶಕದಲ್ಲಿ, ಅಮೆರಿಕದ ಎಂ.ಐ.ಟಿ. ವಿದ್ಯಾಲಯದಲ್ಲಿ ಹಲವರು ಒಂದೇ ಕಂಪ್ಯೂಟರನ್ನು ಹಂಚಿಕೊಳ್ಳುವ ಏರ್ಪಾಟನ್ನು ಕೊರ್ಬಾಟೋ ಎಂಬ ವಿದ್ವಾಂಸರು ಕಟ್ಟಿದರು. ಅಲ್ಲಿ ಒಮ್ಮೆ ಇಬ್ಬರು ಮೇಲ್ವಿಚಾರಕರು ಏಕಕಾಲಕ್ಕೆ ಎರಡು ಕಡತಗಳನ್ನು ತಿದ್ದುತ್ತಿದ್ದಾಗ ಅವು ಅದಲುಬದಲಾಗಿ, ದಿನದ ಪ್ರಕಟಣೆಯ ಬದಲು ಎಲ್ಲರ ಪಾಸ್‌ವರ್ಡುಗಳೂ ಬಂದವರಿಗೆಲ್ಲ ಕಾಣಿಸಿದುವಂತೆ! ಹಂಚಿಕೊಳ್ಳುವುದು ಹುಟ್ಟಿದ ದಿನವೇ ಎಚ್ಚರಿಕೆಯೂ ಹುಟ್ಟಬೇಕಾಯಿತು.

ಅನುಮತಿ ಸರಿಯಿದ್ದರೂ ನಕಲು ಬೇಕೇ ಬೇಕು. ತಿದ್ದುವ ಅಧಿಕಾರವುಳ್ಳವನ ಯಂತ್ರಕ್ಕೆ ಕೆಟ್ಟ ಪ್ರೋಗ್ರಾಮು ಹೊಕ್ಕರೆ, ಆ ಅಧಿಕಾರವೆಲ್ಲ ಅದರ ಕೈಗೆ ಬರುತ್ತದೆ. 2017ರ ಮೇ ತಿಂಗಳಲ್ಲಿ ‘ವಾನಾಕ್ರೈ’ ಎಂಬ ಪೀಡೆಯು ವಿಂಡೋಸಿನ ಹಳೆಯ ಕಡತ-ಹಂಚಿಕೆಯ ದಾರಿಯಿಂದಲೇ ದೇಶದೇಶಗಳಿಗೆ ಹಬ್ಬಿತು. ಆದುದರಿಂದ ತಿಂಗಳಿಗೊಮ್ಮೆ ಎಲ್ಲವನ್ನೂ ಬೇರೊಂದು ಡ್ರೈವಿಗೆ ನಕಲು ಮಾಡಿ, ಅದನ್ನು ಯಂತ್ರದಿಂದ ಕಿತ್ತು ಕಪಾಟಿನಲ್ಲಿಡಿ. ಕಡತಕ್ಕೆ ಅಂಕಿಯ ಹೆಸರು ಬೇಡ. ಯಾರದು, ಏನು, ಯಾವ ವರ್ಷದ್ದು ಎಂದು ಬರೆಯಿರಿ. ಹೆಸರಿದ್ದಿದ್ದರೆ ನಮ್ಮ ಅಳಿಯ ಅಳಿಸುತ್ತಿರಲಿಲ್ಲ.

ಬಂಧುಗಳೇ, ಒಂದು ಖೋಲಿಯಲ್ಲಿ ಹತ್ತು ಮಂದಿ ಮಲಗಿದ ಕಾಲದಲ್ಲಿಯೂ ಪ್ರತಿಯೊಬ್ಬನ ಟ್ರಂಕಿಗೆ ಬೀಗವಿತ್ತು. ಅದರಿಂದ ಯಾರ ಸ್ನೇಹವೂ ಕೆಡಲಿಲ್ಲ. ಊಟ, ಹಾಡು, ಕಷ್ಟ ಎಲ್ಲವನ್ನೂ ಹಂಚಿಕೊಂಡೆವು. ಇಂದು ಆ ಟ್ರಂಕು ಕಂಪ್ಯೂಟರಿನೊಳಗೆ ಹೋಗಿದೆ, ಬೀಗ ಮಾತ್ರ ಹೊರಗೆ ಉಳಿದಿದೆ. ಮನೆಗೆ ಹೋದವರು ಇಂದು ರಾತ್ರಿಯೇ ಆ ‘ಎವರಿವನ್’ ಎಂಬ ಹೆಸರಿನ ಮುಂದೆ ಏನಿದೆಯೆಂದು ನೋಡಬೇಕು. ತಿಳಿಯದಿದ್ದರೆ ರವಿವಾರ ಇಲ್ಲಿಗೆ ಬನ್ನಿ, ಕೂಡಿ ನೋಡೋಣ.