ಮೊದಲ ಬಿಡುಗಡೆಯ ವಿವೇಕ



ಶಿವಶರಣ ಸಿದ್ಧರಾಮನು ಕೆರೆ ಕಟ್ಟಿಸಿ ವಚನಗಳನ್ನು ನುಡಿದ, ಜಯದೇವಿತಾಯಿ ಲಿಗಾಡೆಯವರು ಅವನ ಚರಿತೆಯನ್ನು ಪುರಾಣವಾಗಿ ಹಾಡಿದ ಸೊಲ್ಲಾಪುರವೆಂಬ ಈ ಪುಣ್ಯಕ್ಷೇತ್ರದಲ್ಲಿ ತಂತ್ರಾಂಶದ ವಿಚಾರವಾಗಿ ಉಪನ್ಯಾಸ ಮಾಡುವುದು ಅಪ್ರಸ್ತುತವೆಂದು ಕೆಲವರಿಗೆ ತೋರಬಹುದಾದರೂ, ಆ ವಚನಗಳನ್ನೂ ಆ ಪುರಾಣವನ್ನೂ ಮುಂದಿನ ಪೀಳಿಗೆಯು ಅರಸುವುದು ಬಹುಮಟ್ಟಿಗೆ ಗಣಕಯಂತ್ರದಲ್ಲಿಯೇ ಆದುದರಿಂದ, ಅದರ ಒಳಗಟ್ಟನ್ನು ಯಾವ ವಿವೇಕದಿಂದ ರಚಿಸಬೇಕೆಂಬುದು ನಮ್ಮೆಲ್ಲರ ಚಿಂತನೆಗೆ ಅರ್ಹವಾದ ವಿಷಯವೆಂದು ಭಾವಿಸುತ್ತೇನೆ.

ಅನೇಕರು ತಮ್ಮ ತಮ್ಮ ತಂತ್ರಾಂಶಗಳನ್ನು ಕಟ್ಟಿಕೊಳ್ಳಲು ಆಧಾರವಾಗುವಂತೆ ರಚಿಸಿ, ಮೂಲಸಂಕೇತವನ್ನು ಸರ್ವರಿಗೂ ತೆರೆದಿಟ್ಟ ಚೌಕಟ್ಟನ್ನು ತಂತ್ರಜ್ಞರು ಮುಕ್ತ ಫ್ರೇಮ್‌ವರ್ಕ್ ಎನ್ನುತ್ತಾರೆ. ಅಂಥದೊಂದನ್ನು ಲೋಕಕ್ಕೆ ಅರ್ಪಿಸುವ ಮುನ್ನ, ಮೊದಲ ಬಿಡುಗಡೆಯಲ್ಲಿ ಏನಿರಬೇಕು, ಏನು ಕಾಯಬಹುದು ಎಂಬ ಪ್ರಶ್ನೆ ಕರ್ತೃವನ್ನು ಕಾಡದೆ ಬಿಡದು. ಎಲ್ಲವನ್ನೂ ಸೇರಿಸಹೊರಟವನ ಕೃತಿ ಬೆಳಕನ್ನೇ ಕಾಣದೆ ಹೋದೀತು. ಆತುರಪಟ್ಟವನ ಕೃತಿಯನ್ನು ನಂಬಿದವರು ಮುಂದೆ ಸಂಕಟಕ್ಕೆ ಸಿಲುಕಿಯಾರು. ಹೆಚ್ಚು ಜನ ಕೇಳಿದರೆಂಬುದಾಗಲಿ ನೋಡಲು ಚೆಲುವಾಗಿದೆಯೆಂಬುದಾಗಲಿ ಇಲ್ಲಿ ಪ್ರಮಾಣವಾಗಲಾರದು. ಯಾವುದನ್ನು ಮುಂದೆ ಬದಲಿಸಹೋದರೆ ಅದರ ಮೇಲೆ ಕಟ್ಟಿಕೊಂಡವರ ಕೆಲಸವೆಲ್ಲ ಕೆಡುವುದೋ, ಅದು ಮೊದಲ ಬಿಡುಗಡೆಯಲ್ಲಿಯೇ ಇರತಕ್ಕದ್ದು, ಉಳಿದುದೆಲ್ಲವೂ ಕಾಯಬಹುದು. ಚಾದರಕ್ಕೆ ಹೆಸರಾದ ಈ ಊರಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ: ಹೊಕ್ಕಿನ ಬಣ್ಣವನ್ನು ನೇಕಾರನು ನೆಯ್ಯುತ್ತ ನೆಯ್ಯುತ್ತಲೇ ಮಾರ್ಪಡಿಸಿಯಾನು, ಆದರೆ ಹಾಸಿನ ಎಳೆಗಳ ಎಣಿಕೆಯನ್ನು ಮಗ್ಗಕ್ಕೇರಿಸುವ ಮೊದಲೇ ನಿಶ್ಚಯಿಸಿರಬೇಕು.

ಬರಹವನ್ನು ಯಂತ್ರವು ಯಾವ ಸಂಕೇತಗಳಲ್ಲಿ ಹಿಡಿದಿಡುವುದೆಂಬುದು ಹೀಗೆ ಮೊದಲೇ ನಿಶ್ಚಯವಾಗಬೇಕಾದ ಸಂಗತಿ. 1991ರಲ್ಲಿ ಹೊರಬಂದ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ, ಲೋಕದ ಲಿಪಿಗಳಿಗೆಲ್ಲ ಒಂದೇ ಸಂಕೇತಮಾಲೆಯಾದ ಯೂನಿಕೋಡ್ ಸೇರಿದುದು 2000ದಲ್ಲಿ. ಅದನ್ನೇ ಬುನಾದಿಯಾಗಿಸಿಕೊಂಡ ಪೈಥಾನ್ 3 ಬಂದುದು 2008ರ ಡಿಸೆಂಬರಿನಲ್ಲಿ. ತಡವಾಗಿ ಬುನಾದಿ ಬದಲಿಸಿದುದರ ಹೊರೆ ಎಷ್ಟು ದೀರ್ಘವಾಯಿತೆಂದರೆ, ಹಳೆಯ ಪೈಥಾನ್ 2ರ ಪೋಷಣೆ ಅಧಿಕೃತವಾಗಿ ನಿಂತುದು 2020ರ ಜನವರಿ 1ರಂದು. ಇದಕ್ಕೆ ಭಿನ್ನವಾಗಿ, ಅಮೆರಿಕದ ಲಾರೆನ್ಸ್ ಎಂಬ ಊರಿನ ಪತ್ರಿಕಾಲಯದಲ್ಲಿ ಹುಟ್ಟಿ 2005ರಲ್ಲಿ ಮುಕ್ತವಾದ ಜಾಂಗೋ ಫ್ರೇಮ್‌ವರ್ಕಿಗೆ ಅದರ ಕರ್ತೃಗಳು 1.0 ಎಂಬ ಅಂಕಿತವನ್ನಿತ್ತುದು, ಒಳಗಿನ ಬರಹವ್ಯವಹಾರವನ್ನೆಲ್ಲ ಯೂನಿಕೋಡಿಗೆ ತಿರುಗಿಸಿದ ಮೇಲೆ, 2008ರ ಸೆಪ್ಟೆಂಬರಿನಲ್ಲಿ. ನಮ್ಮಲ್ಲಿ 1998ರ ‘ಬರಹ’ವೂ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಕನ್ನಡ ಬೆರಳಚ್ಚಿನ ತಂತ್ರಾಂಶಗಳಾಗಿ ಮಾಡಿದ ಉಪಕಾರ ಅಪಾರವಾದುದು, ಆದರೆ ಅಂದಿನ ಸಾಮಾನ್ಯ ಗಣಕಗಳಿಗೆ ಕನ್ನಡದ ಯೂನಿಕೋಡ್ ಎಟುಕದಿದ್ದುದರಿಂದ ಅಕ್ಷರಗಳು ಫಾಂಟಿನ ಸಂಕೇತಗಳಲ್ಲಿ ನೆಲಸಿದವು, ಹಾಗೆ ಬೆರಳಚ್ಚಾದ ಗ್ರಂಥಗಳನ್ನು ಪರಿವರ್ತಿಸುವ ಹೊರೆ ಅನಂತರದವರ ಪಾಲಿಗೆ ಬಂದಿತು.

ಈ ಊರಿನ ಹೆಸರನ್ನೇ ಪರೀಕ್ಷಿಸೋಣ. ‘ಸೊಲ್ಲಾಪುರ’ದ ಮೊದಲ ಅಕ್ಷರದ ಒಕಾರವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ ಊಕಾರಗಳ ಚಿಹ್ನೆಗಳೆರಡನ್ನು ಕೂಡಿಸಿಯೂ ಬರೆಯಬಹುದು, ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಇವನ್ನು ಏಕರೂಪಕ್ಕೆ ತರುವ ವಿಧಾನವು ಫ್ರೇಮ್‌ವರ್ಕಿನಲ್ಲಿ ಇಲ್ಲದಿದ್ದರೆ, ಒಬ್ಬನು ದಾಖಲಿಸಿದ ಸೊಲ್ಲಾಪುರವನ್ನು ಮತ್ತೊಬ್ಬನು ಹುಡುಕಿ ಕಾಣಲಾರನು. ಇನ್ನು, ನೆರೆಯ ಅಕ್ಕಲಕೋಟೆ ತಾಲೂಕಿನ ಕನ್ನಡ ಶಾಲೆಯಲ್ಲಿ ಹೊನ್ನಮ್ಮನೆಂಬ ಹುಡುಗಿ ಓದುತ್ತಿರುವಳೆಂದು ಭಾವಿಸಿರಿ. ಅವಳ ಹೆಸರು ದೇವನಾಗರಿಯಲ್ಲಿ ಮಾತ್ರ ದಾಖಲಾದರೆ, ಮರಾಠಿಯ ಬರವಣಿಗೆಯಲ್ಲಿ ಹ್ರಸ್ವ ಒಕಾರಕ್ಕೆ ಪ್ರತ್ಯೇಕ ಚಿಹ್ನೆ ಬಳಕೆಯಲ್ಲಿಲ್ಲವಾದುದರಿಂದ, ಯಂತ್ರವು ಅದನ್ನು ಕನ್ನಡಕ್ಕೆ ಮರಳಿಸುವಾಗ ‘ಹೋನ್ನಮ್ಮ’ ಎಂದೀತು. ಒಂದು ಹೆಸರಿಗೆ ಎರಡು ಲಿಪಿಗಳಲ್ಲಿ ಸ್ಥಳವನ್ನು ಮೊದಲ ವಿನ್ಯಾಸದಲ್ಲಿಯೇ ಕಲ್ಪಿಸಿದ್ದರೆ ಈ ವಿಕಾರಕ್ಕೆ ಆಸ್ಪದವಿಲ್ಲ. ದಾಖಲೆಗಳು ರಾಶಿಯಾದ ಮೇಲೆ ಕಲ್ಪಿಸಹೋದರೆ, ಕಳೆದುಹೋದ ಹ್ರಸ್ವಗಳನ್ನು ಮನೆಮನೆಗೆ ಹೋಗಿ ಕೇಳಿ ತರಬೇಕಾದೀತು.

ಪರವಾನಗಿಯೂ ಆರಂಭದಲ್ಲಿಯೇ ನಿರ್ಧಾರವಾಗತಕ್ಕದ್ದು. ಹಲವರ ಕೊಡುಗೆ ಬೆರೆತ ತರುವಾಯ ಅದನ್ನು ಬದಲಿಸಲು ಬಹುವೇಳೆ ಪ್ರತಿಯೊಬ್ಬರ ಸಮ್ಮತಿ ಬೇಕಾಗುವುದು. ಇತರರ ತಂತ್ರಾಂಶಗಳು ಕರೆಯಬೇಕಾದ ಕಾರ್ಯಗಳ ಹೆಸರುಗಳೂ, ಹೊಸಬನು ಯಾರನ್ನೂ ಕೇಳದೆ ಸ್ಥಾಪಿಸಿಕೊಳ್ಳಬಲ್ಲಂಥ ಸ್ಪಷ್ಟ ಕೈಪಿಡಿಯೂ ಇರಬೇಕು. ಪುಟದ ಅಲಂಕಾರ, ಬಗೆಬಗೆಯ ವರದಿಗಳು, ಮೊಬೈಲ್ ಆ್ಯಪ್ ಇವೆಲ್ಲ ಎರಡನೆಯ, ಮೂರನೆಯ ಆವೃತ್ತಿಗಳಲ್ಲಿ ಸುಖವಾಗಿ ಬಂದಾವು. ಆದರೆ “ಕನ್ನಡವನ್ನು ಆಮೇಲೆ ಸೇರಿಸಿದರಾಯಿತು” ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ಭಾಷೆಯು ಅಲಂಕಾರಗಳ ಪಟ್ಟಿಗೆ ಸೇರಿದುದಲ್ಲ.

ಈ ಎಚ್ಚರ ವಹಿಸಬಲ್ಲವರು ನಮ್ಮಲ್ಲಿಯೇ ಇದ್ದಾರೆ: ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯಾದ ಬಾಲಭಾರತಿಯು ಕನ್ನಡದಲ್ಲಿ ಪಠ್ಯಪುಸ್ತಕಗಳನ್ನು ಅಚ್ಚುಹಾಕಿಸುತ್ತದೆ. ಆ ಪುಸ್ತಕಗಳನ್ನೋದಿ ಬೆಳೆದು ಇಂಜಿನಿಯರುಗಳಾಗುವ ತರುಣರು ಈ ಗಡಿನಾಡಿನಲ್ಲಿದ್ದಾರೆ. ಮರಾಠಿ, ಕನ್ನಡ, ತೆಲುಗು, ಉರ್ದುಗಳು ಒಂದೇ ಬೀದಿಯಲ್ಲಿ ಕೇಳಿಸುವ ನಗರದಲ್ಲಿ ಬಾಳಿದವರಿಗೆ ಈ ತೊಡಕುಗಳು ಸಹಜವಾಗಿಯೇ ಗೊತ್ತು. ಅವರಲ್ಲಿ ನನ್ನ ಪ್ರಾರ್ಥನೆ ಇಷ್ಟೇ: ನಿಮ್ಮ ಕೃತಿಯನ್ನು ಬಿಡುಗಡೆ ಮಾಡುವ ಮೊದಲು ಅಕ್ಕಲಕೋಟೆಯ ಕನ್ನಡ ಶಾಲೆಯೊಂದಕ್ಕೆ ಒಯ್ಯಿರಿ, ಗುರುಗಳ ಕೈಯಿಂದ ಒಂದು ತರಗತಿಯ ಹೆಸರುಗಳನ್ನು ಬರೆಯಿಸಿರಿ, ಬರೆದುದನ್ನು ಹುಡುಕಿಸಿರಿ. ಎಲ್ಲ ಹೆಸರುಗಳೂ ಬರೆದಂತೆಯೇ ಮರಳಿ ದೊರೆತರೆ ಬಿಡುಗಡೆ ಮಾಡಿರಿ; ದೊರೆಯದಿದ್ದರೆ ಇನ್ನಷ್ಟು ದಿನ ತಡೆಯಿರಿ.