ಗಂಡಹೆಂಡಿರು ಕೂಡಿ ಕಲಿತರೆ

(ವಾಚನಾಲಯದ ಶನಿವಾರದ ಕೂಟದಲ್ಲಿ ನಮ್ಮ ಸ್ವಯಂಸೇವಕರೊಬ್ಬರು ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ. ನೂಲಿನ ಗಿರಣಿಯ ಆಫೀಸಿನಲ್ಲಿ ಹಾಜರಿ ಪುಸ್ತಕ ಬರೆಯುವ ಕಾರಕೂನ. ಓದಿದ್ದು ಮೆಟ್ರಿಕ್ಕಿನವರೆಗೆ. ಸಂಜೆ ಇಲ್ಲಿಗೆ ಬಂದು ಪುಸ್ತಕ ಕೊಡುವುದು, ತಿರುಗಿ ಬಂದುದನ್ನು ಬರೆದುಕೊಳ್ಳುವುದು, ಒಂಬತ್ತಕ್ಕೆ ಬಾಗಿಲು ಹಾಕುವುದು, ಇಷ್ಟೇ ನನ್ನ ಸೇವೆ. ಈ ಸಲ ನೀನೇ ಮಾತಾಡು ಎಂದು ಅಧ್ಯಕ್ಷರು ಹೇಳಿದಾಗ, ಪುಸ್ತಕ ಕೊಡುವ ಮೇಜಿನ ಹಿಂದೆ ಕುಳಿತು ಕಂಡದ್ದನ್ನೇ ಹೇಳೋಣವೆಂದು ಒಪ್ಪಿಕೊಂಡೆ.

ನಮ್ಮಲ್ಲಿ ಕಾದಂಬರಿಗಳು ಹೆಚ್ಚಾಗಿ ಗಂಡಸರ ಹೆಸರಿನಲ್ಲಿ ಹೋಗುತ್ತವೆ. ಆದರೆ ಪುಸ್ತಕದ ಹೆಸರು ಬರೆದ ಚೀಟಿ ಅವರ ಕೈಬರಹದ್ದಲ್ಲ. ಅದು ಮನೆಯಲ್ಲಿ ಬರೆದು ಕಳಿಸಿದ ಚೀಟಿ. ತಿರುಗಿ ತಂದುಕೊಟ್ಟಾಗ, "ಹೇಗಿದೆ ಪುಸ್ತಕ?" ಎಂದು ಕೇಳಿದರೆ, "ನನಗೇನು ಗೊತ್ತು, ಆಕಿ ಓದಿದಳು" ಎಂಬ ಉತ್ತರ. ಒಂದೇ ಖೋಲಿಯಲ್ಲಿ ಎಂಟು ದಿನ ಇದ್ದ ಪುಸ್ತಕ! ಒಬ್ಬರು ಅದರೊಳಗೆ ಹೋಗಿ ಬಂದಿದ್ದಾರೆ, ಮತ್ತೊಬ್ಬರಿಗೆ ಅದರ ಸುದ್ದಿಯೇ ಇಲ್ಲ. ನಾನು ಇತರರನ್ನು ಆಡಿಕೊಳ್ಳುತ್ತಿಲ್ಲ. ನಮ್ಮ ಮನೆಯ ಕಥೆ ಇದಕ್ಕಿಂತ ಕಡೆ. ಅದನ್ನು ಹೇಳಲು ಮನೆಯವಳ ಒಪ್ಪಿಗೆ ಕೇಳಿದೆ. "ಹೇಳ್ರಿ, ಆದ್ರ ಖರೇ ಹೇಳ್ರಿ" ಎಂದಳು.

ಹೋದ ವರುಷ ನಮ್ಮ ಓಣಿಯ ಸಮೀಪದ ಶಾಲೆಯೊಂದರಲ್ಲಿ ಸಂಜೆ ಪೇಟಿ ಕಲಿಸುವ ವರ್ಗ ಶುರುವಾಯಿತು. ವಾರಕ್ಕೆ ಎರಡು ದಿನ, ಒಂದೊಂದು ತಾಸು. ಚಿಕ್ಕಂದಿನಿಂದ ಆಸೆಯಿತ್ತು, ನಾನು ಹೊರಟೆ. ಒಬ್ಬನೇ ಹೋಗಲು ಸಂಕೋಚವೆನಿಸಿ ಆಕೆಯನ್ನೂ ಕರೆದೆ. "ಮನಿ ಯಾರು ನೋಡ್ತಾರ?" ಎಂದಳು. ನಮ್ಮವ್ವ, ತಾನು ಹುಡುಗರಿಗೆ ಉಣಿಸುವೆನೆಂದಳು. ಇಬ್ಬರದೂ ಮೂರು ತಿಂಗಳ ಫೀ ಮುಂಗಡ ಕಟ್ಟಿದೆ.

ವರ್ಗದಲ್ಲಿ ಉಳಿದವರೆಲ್ಲ ಹತ್ತು ಹನ್ನೆರಡು ವರುಷದ ಹುಡುಗರು. ಅವರ ನಡುವೆ ಜಮಖಾನೆಯ ಮೇಲೆ ನಾವಿಬ್ಬರು ದೊಡ್ಡವರು. ಎಡಗೈಯಿಂದ ತಿದಿ ಒತ್ತುತ್ತ ಬಲಗೈ ಬೆರಳುಗಳನ್ನು ಪಟ್ಟಿಗಳ ಮೇಲೆ ಆಡಿಸಬೇಕು. ಬಲಗೈ ನೆಟ್ಟಗೆ ಹೋದರೆ ನನ್ನ ಎಡಗೈ ನಿಲ್ಲುತ್ತಿತ್ತು, ಎಡಗೈ ನೆನಪಾದರೆ ಬಲಗೈ ಮರೆಯುತ್ತಿತ್ತು. ಹದಿನೈದು ವರುಷ ಪೆನ್ನು ಹಿಡಿದ ಬೆರಳು, ಎಲ್ಲಿಂದ ಬಗ್ಗೀತು? ಆಕೆಗೆ ಮಾತ್ರ ನಾಲ್ಕನೆಯ ವಾರಕ್ಕೆ ಭೂಪ ರಾಗದ ಸಾ ರಿ ಗ ಪ ಧ ಸರಾಗವಾಗಿ ಬಂತು. ಅವರ ತಂದೆ ಭಜನೆಯ ಮೇಳದವರು. ಕಿವಿ ಮೊದಲೇ ಹದವಾಗಿತ್ತು. ಮಾಸ್ತರರು ಮರಾಠಿಯಲ್ಲಿ ನನಗೆ, "ನಿಮ್ಮ ಮನೆಯವರನ್ನು ನೋಡಿ ಕಲಿಯಿರಿ" ಎಂದರು. ಹುಡುಗರು ನಕ್ಕರು. ನಾನೂ ನಕ್ಕೆ. ಆದರೆ ಮನೆಗೆ ಬರುವತನಕ ದಾರಿಯಲ್ಲಿ ಒಂದು ಮಾತೂ ಆಡಲಿಲ್ಲ.

ಮುಂದಿನ ಬುಧವಾರ ಪಗಾರ ಪತ್ರಕದ ಕೆಲಸವಿದೆ ಎಂದೆ. ಆಮೇಲೆ ಆಡಿಟ್ ಎಂದೆ. ಮೂರನೆಯ ಸಲ ಏನೂ ಹೇಳುವ ಅವಶ್ಯಕತೆ ಬೀಳಲಿಲ್ಲ. ಆಕೆಯೂ ಹೊರಡಲಿಲ್ಲ. ಬಿಡು ಎಂದು ಯಾರೂ ಹೇಳಿರಲಿಲ್ಲ. ಗಂಡ ಬಿಟ್ಟ ಮೇಲೆ ಹೆಂಡತಿ ಒಬ್ಬಳೇ ಹೋಗುವ ರೂಢಿ ನಮ್ಮಲ್ಲಿಲ್ಲ, ಅಷ್ಟೆ. ಫೀ ಮುಳುಗಿತು.

ಒಂದು ತಿಂಗಳ ಮೇಲೆ, ರೊಟ್ಟಿಯ ಹಿಟ್ಟು ನಾದಿಟ್ಟು ಎಸರು ಕಾಯುತ್ತ ಕುಳಿತಿದ್ದಳು. ಪರಾತದ ಅಂಚಿನ ಮೇಲೆ ಬೆರಳುಗಳು ತಮ್ಮಷ್ಟಕ್ಕೆ ತಾವೇ ಆಡುತ್ತಿದ್ದವು. ಸಾ ರಿ ಗ ಪ ಧ. ನಾನು ನೋಡಿದ್ದು ಕಂಡು ಕೈ ತೆಗೆದಳು. "ನಾ ಛಲೋ ಬಾರಿಸಿದ್ದು ನಿಮಗ ಸೇರಲಿಲ್ಲ ಅಲ್ಲೇನ್ರಿ?" ಎಂದು ಕೇಳಿದಳು. ಆಫೀಸಿನ ಕೆಲಸ ಬಹಳವಾಗಿತ್ತು ಎಂದೆ. ಆಕೆ ಮತ್ತೆ ಕೇಳಲಿಲ್ಲ. ವರ್ಗ ಬಿಟ್ಟದ್ದಕ್ಕಿಂತ ಆ ಉತ್ತರಕ್ಕೆ ನನಗೆ ಹೆಚ್ಚು ನಾಚಿಕೆಯಾಗಿದೆ.

ಹೀಗೇಕಾಯಿತು ಎಂದು ಬಹಳ ಯೋಚಿಸಿದೆ. ಗಂಡಹೆಂಡಿರ ವಿದ್ಯೆಯ ಮಾತು ಬಂದಾಗ ಈ ಪ್ರಾಂತದಲ್ಲಿ ನಮಗೆ ನೆನಪಾಗುವವರು ಪುಣೆಯ ಜ್ಯೋತಿಬಾ ಫುಲೆಯವರು ಮತ್ತು ನ್ಯಾಯಮೂರ್ತಿ ರಾನಡೆಯವರು. ಜ್ಯೋತಿಬಾ ತಮ್ಮ ಪತ್ನಿ ಸಾವಿತ್ರಿಬಾಯಿಯವರಿಗೆ ಅಕ್ಷರ ಕಲಿಸಿದರು. 1848ರಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದಾಗ ಆಕೆಯೇ ಅಲ್ಲಿ ಶಿಕ್ಷಕಿಯಾದರು. 1873ರಲ್ಲಿ ಮದುವೆಯಾಗಿ ಬಂದ ರಮಾಬಾಯಿಯವರಿಗೆ ರಾನಡೆಯವರು ತಾವೇ ಮರಾಠಿ, ಇಂಗ್ಲಿಷು ಕಲಿಸಿದರು. ಮನೆಯ ಹೆಂಗಸರ ಚುಚ್ಚುಮಾತನ್ನು ನುಂಗಿಕೊಂಡು ಆಕೆ ಕಲಿತರು. ಮುಂದೆ ಪುಣೆಯ ಸೇವಾಸದನವನ್ನು ಬೆಳೆಸಿದರು. ಇವರಿಗೆಲ್ಲ ನಾವು ಕೈಮುಗಿಯಬೇಕು. ಆದರೂ ಒಂದು ಮಾತು ಗಮನಿಸಿರಿ. ಅಲ್ಲಿ ಗಂಡ ಗುರು, ಹೆಂಡತಿ ಶಿಷ್ಯೆ. ಆ ಪಾತ್ರ ನಮಗೆ ಒಗ್ಗಿದೆ. ಇಬ್ಬರೂ ಏನೂ ಬಾರದವರಾಗಿ, ಮೂರನೆಯವರೊಬ್ಬರ ಮುಂದೆ ಕೂಡಿ ತಪ್ಪು ಮಾಡುವುದು ಮಾತ್ರ ನಮಗೆ ರೂಢಿಯಿಲ್ಲ. ನಾನು ಎಡವಿದ್ದು ಅಲ್ಲಿಯೇ.

ಆಮೇಲೆ ಈ ವಿಷಯ ಎಲ್ಲಿ ಕಂಡರೂ ಓದತೊಡಗಿದೆ. ನನ್ನಂಥ ಒಬ್ಬ ಕಾರಕೂನನ ಕಥೆ ಸಿಕ್ಕಿತು. ಇಂಗ್ಲೆಂಡಿನ ಆಲ್ಬರ್ಟ್ ಮ್ಯಾನ್ಸ್‌ಬ್ರಿಜ್ ಹದಿನಾಲ್ಕಕ್ಕೇ ಶಾಲೆ ಬಿಟ್ಟವನು, ಸಹಕಾರಿ ಸಗಟು ಸಂಘದಲ್ಲಿ ಗುಮಾಸ್ತೆ ಮಾಡಿದವನು. 1903ರಲ್ಲಿ ಆತ, ಆತನ ಹೆಂಡತಿ ಫ್ರಾನ್ಸಿಸ್ ಕೂಡಿ ದುಡಿಯುವವರ ಉನ್ನತ ಶಿಕ್ಷಣಕ್ಕಾಗಿ ಒಂದು ಸಂಘ ತೆಗೆದರು. ಮೂಲಧನ ಎರಡೂವರೆ ಷಿಲ್ಲಿಂಗು. ಅದೂ ಆಕೆ ಮನೆಖರ್ಚಿನಿಂದ ಎತ್ತಿ ಕೊಟ್ಟದ್ದು. ಸಂಘದ ಮೊದಲ ಹೆಸರಿನಲ್ಲಿ ದುಡಿಯುವ "ಗಂಡಸರು" ಎಂದಿತ್ತು. 1905ರಲ್ಲಿ ಅದನ್ನು ತೆಗೆದು "ಕಾರ್ಮಿಕರ ಶಿಕ್ಷಣ ಸಂಘ" ಎಂದು ಮಾಡಿದರು. ಆ ಸಂಘ ಇಂದಿಗೂ ನಡೆದಿದೆ. 1908ರಲ್ಲಿ ರಾಚ್‌ಡೇಲ್ ಎಂಬ ಹತ್ತಿಗಿರಣಿಗಳ ಊರಿನಲ್ಲಿ ಟಾನಿ ಎಂಬ ಪಂಡಿತರು ಕಲಿಸತೊಡಗಿದರು. ಸೇರುವವರು ಮೂರು ವರುಷ ಬಿಡದೆ ಬರುವೆವೆಂದು ಮಾತು ಕೊಡಬೇಕು. ಎರಡು ತಾಸಿನಲ್ಲಿ ಒಂದು ತಾಸು ಪಾಠ, ಒಂದು ತಾಸು ಚರ್ಚೆ. ಮೂರು ವರುಷ! ನಾನು ಆರು ವಾರ ನಿಲ್ಲಲಿಲ್ಲ.

ಇನ್ನೊಂದು, ಸ್ವಲ್ಪ ನಗೆಯದು. ಅಮೇರಿಕದಲ್ಲಿ ಆರ್ಥರ್ ಆರನ್ ಎಂಬ ಮನಶ್ಶಾಸ್ತ್ರಜ್ಞರು ತಮ್ಮ ಸಂಗಡಿಗರೊಡನೆ ಮಾಡಿದ ಪ್ರಯೋಗ 2000ದಲ್ಲಿ ಪ್ರಕಟವಾಯಿತು. ದಂಪತಿಗಳನ್ನು ಕರೆದು, ಇಬ್ಬರ ಒಂದೊಂದು ಮುಂಗೈಯನ್ನೂ ಒಂದೊಂದು ಕಾಲನ್ನೂ ಜೋಡಿಸಿ ಕಟ್ಟಿ, ಅಂಬೆಗಾಲಿಕ್ಕುತ್ತ ಒಂದು ದಿಂಬನ್ನು ಒಯ್ಯಲು ಹೇಳಿದರಂತೆ. ಕೈಯಿಂದ ಹಿಡಿಯಕೂಡದು, ಹಲ್ಲಿನಿಂದ ಕಚ್ಚಕೂಡದು. ಮತ್ತೆ ಕೆಲವರಿಗೆ ಸುಮ್ಮನೆ ಚೆಂಡು ಉರುಳಿಸುವ ಸಪ್ಪೆ ಕೆಲಸ. ಇದೆಲ್ಲ ಏಳೇ ಮಿನಿಟು. ಆಮೇಲೆ ಕೇಳಿದರೆ, ದಿಂಬಿನವರಿಗೆ ತಮ್ಮ ಸಂಸಾರ ಮೊದಲಿಗಿಂತ ಚೆನ್ನಾಗಿದೆ ಎನಿಸಿತ್ತು. 1993ರಲ್ಲಿ ಅವರೇ ಹತ್ತು ವಾರ, ವಾರಕ್ಕೆ ಒಂದೂವರೆ ತಾಸು ದಂಪತಿಗಳಿಂದ ಬೇರೆ ಬೇರೆ ಕೆಲಸ ಮಾಡಿಸಿ ನೋಡಿದ್ದರು. ಬರೀ ಹಿತವಾದ ಕೆಲಸಕ್ಕಿಂತ ಹುರುಪಿನ ಕೆಲಸ ಕೂಡಿ ಮಾಡಿದವರಿಗೆ ಹೆಚ್ಚು ಸಮಾಧಾನವಿತ್ತು. ಏಳು ಮಿನಿಟಿನ ಸಂತೋಷ ಎಷ್ಟು ದಿನ ಬಾಳೀತು ಎಂದು ನನಗೂ ಸಂದೇಹವಿದೆ. ಆದರೆ ಒಬ್ಬರಿಗೊಬ್ಬರು ಸುಲಭವಾಗಿ ಹಳಬರಾಗುತ್ತೇವೆ ಎಂಬುದರಲ್ಲಿ ಸಂದೇಹವಿಲ್ಲ. ಮದುವೆಯಾಗಿ ಹನ್ನೊಂದು ವರುಷಕ್ಕೆ ನನ್ನ ಹೆಂಡತಿಯ ಕಿವಿ ಅಂಥದೆಂದು ನನಗೆ ತಿಳಿದದ್ದು ಆ ಜಮಖಾನೆಯ ಮೇಲೆ.

ಈ ಯೋಚನೆಯನ್ನು ನಮ್ಮ ಭಗಿನಿಯರೊಬ್ಬರಿಗೆ ಹೇಳಿದೆ. "ವಾರಕ್ಕೊಮ್ಮೆ ಗುಡಿಯ ಭಜನೆಯ ಎರಡು ತಾಸು ಮಾತ್ರ ನಾನು ಅವರಿಂದ ಬಿಡುವಾಗಿರುವುದು, ಅದಕ್ಕೂ ಕಲ್ಲು ಹಾಕುತ್ತೀರೇನು?" ಎಂದು ಕೇಳಿದರು. ಅವರ ಮಾತು ನ್ಯಾಯವಾದುದೇ. ಹೆಂಗಸರ ಕೂಟ ಈಗಿರುವಂತೆಯೇ ಇರಲಿ. ಇದು ಅದಕ್ಕೆ ಬದಲಲ್ಲ.

ಕಾರ್ಯಕಾರಿ ಸಮಿತಿಯ ಮುಂದೆ ನಾನು ಇಟ್ಟಿರುವ ಸೂಚನೆ ಇಷ್ಟು. ರವಿವಾರ ಸಂಜೆ ನಾಲ್ಕರಿಂದ ಐದೂವರೆ, ಇದೇ ಹಾಲಿನಲ್ಲಿ, ಹನ್ನೆರಡು ವಾರ. ಮೊದಲು ಆರು ಜೋಡಿ ಸಾಕು. ಪರೀಕ್ಷೆಯಿಲ್ಲ, ಸರ್ಟಿಫಿಕೇಟಿಲ್ಲ. ಪೇಟಿಯ ವರ್ಗದಿಂದ ಆರಂಭಿಸೋಣ. ಆ ಮಾಸ್ತರರೇ ಬರಲು ಒಪ್ಪಿದ್ದಾರೆ. (ನಾನು ಹೋಗಿ ಕ್ಷಮೆ ಕೇಳಿದೆ. ಅವರಿಗೆ ಆ ಮಾತು ನೆನಪೇ ಇರಲಿಲ್ಲ!) ಗಂಡಹೆಂಡಿರು ಪಕ್ಕಪಕ್ಕದಲ್ಲಿ ಕುಳಿತುಕೊಳ್ಳಬಾರದು. ತಿದ್ದುವ ಅಧಿಕಾರ ಮಾಸ್ತರರಿಗೆ ಮಾತ್ರ. ಗಂಡ ಹೆಂಡತಿಯನ್ನಾಗಲಿ, ಹೆಂಡತಿ ಗಂಡನನ್ನಾಗಲಿ ಅಲ್ಲಿ ತಿದ್ದಕೂಡದು. ಮನೆಯಲ್ಲಿ ನಡೆಯುವುದನ್ನು ಸಮಿತಿ ತಡೆಯಲಾರದು. ನಾನು ಹಟ ಹಿಡಿಯುವ ನಿಯಮ ಒಂದೇ: ಒಬ್ಬರಿಗೆ ಬರಲಾಗದಿದ್ದರೆ ಮತ್ತೊಬ್ಬರು ಬರಲೇಬೇಕು. ಹಾಜರಿ ಬರೆಯುವವನು ನಾನೇ. ಗಂಡ ಬಂದಿಲ್ಲವೆಂದು ಹೆಂಡತಿಯೂ ಬರದಿದ್ದರೆ ಆ ಸಂಜೆಯೇ ಅವರ ಮನೆಗೆ ಹೋಗಿ ಕೇಳುತ್ತೇನೆ.

ಮಕ್ಕಳ ಪ್ರಶ್ನೆ ದೊಡ್ಡದು. ನಮ್ಮವ್ವನೂ ಇನ್ನಿಬ್ಬರು ಹಿರಿಯರೂ ಹೊರಗಿನ ಪಡಸಾಲೆಯಲ್ಲಿ ಕಥೆ ಹೇಳುತ್ತ ನೋಡಿಕೊಳ್ಳುವರು. ಚಹಾದ ಖರ್ಚು ಸರದಿಯಂತೆ ಹಂಚಿಕೊಳ್ಳೋಣ.

ಈಗ ಬೇಕಾದುದು ಪೇಟಿಗಳು. ಸಂಘದ್ದು ಒಂದಿದೆ, ಅದರ ಎರಡು ಸ್ವರ ಹಿಡಿಯುತ್ತವೆ, ರಿಪೇರಿಯಾಗಬೇಕು. ಯಾರ ಮನೆಯಲ್ಲಾದರೂ ಅಟ್ಟದ ಮೇಲೆ ಹಳೆಯದಿದ್ದರೆ ಹನ್ನೆರಡು ವಾರದ ಮಟ್ಟಿಗೆ ಕೊಡಿರಿ, ರಸೀದಿ ಬರೆದುಕೊಡುತ್ತೇನೆ. ಹೆಸರು ಬರೆಯುವ ಪುಸ್ತಕ ಬಾಗಿಲ ಹತ್ತಿರದ ಮೇಜಿನ ಮೇಲಿದೆ. ಮೊದಲನೆಯ ಸಾಲಿನಲ್ಲಿ ನಮ್ಮ ಮನೆಯವಳು ಸಹಿ ಮಾಡಿದ್ದಾಳೆ. ನನ್ನದು ಅದರ ಕೆಳಗಿದೆ. ಇನ್ನು ಐದು ಜೋಡಿಗೆ ಜಾಗವಿದೆ.